ಕೋನ ಬದಲಿಸುವ ಸ್ಕ್ವೀಜಿ: ಒಂದು ಕಚೇರಿ ಕಟ್ಟಡದ ಪ್ರಕರಣ ಅಧ್ಯಯನ

ಬೆಂಗಳೂರಿನ ಹೊರವರ್ತುಲ ರಸ್ತೆಯ ಆಚೀಚೆ ಇಂಥ ಕಟ್ಟಡಗಳು ಬೇಕಾದಷ್ಟಿವೆ. ನೆಲಮಹಡಿಯಲ್ಲಿ ಎತ್ತರದ ಗಾಜಿನ ಲಾಬಿ, ಮೊದಲ ಮಹಡಿಯಲ್ಲಿ ಕಿಟಕಿಗೇ ಒತ್ತಿ ಹಾಕಿದ ಮೇಜುಗಳು, ಎರಡನೇ ಮಹಡಿಯಲ್ಲಿ ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ, ಅದರ ಹೊರಗೆ ಕಬ್ಬಿಣದ ಗ್ರಿಲ್. ಗಾಜು ಒರೆಸುವ ಗುತ್ತಿಗೆ ಹಿಡಿದವರಿಗೆ ಮೂರೂ ಮಹಡಿ ಒಂದೇ ಬಿಲ್ಲಿನಲ್ಲಿ ಬರುತ್ತವೆ, ಕೆಲಸ ಮಾತ್ರ ಮೂರು ಬಗೆ. ಅಂಥದೊಂದು ಮಾದರಿ ಕಟ್ಟಡವನ್ನು ಇಟ್ಟುಕೊಂಡು, ಸಾಮಾನ್ಯ ಸ್ಕ್ವೀಜಿ (ಗಾಜಿನ ಮೇಲಿನ ನೀರನ್ನು ರಬ್ಬರ್ ಅಂಚಿನಿಂದ ಎಳೆದು ತೆಗೆಯುವ ಸಾಧನ) ಬಿಟ್ಟು ಕೋನ ಬದಲಿಸಬಲ್ಲ ಸ್ಕ್ವೀಜಿ ಕೊಳ್ಳುವ ಮುನ್ನ ಏನು ನೋಡಬೇಕು, ಕೊಂಡ ಮೇಲೆ ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ಅಳತೆಸಮೇತ ಕೊಟ್ಟಿದೆ.

ಕಟ್ಟಡ ಮತ್ತು ದೂರುಗಳು

ಲಾಬಿಯ ಗಾಜು 12 ಮಿ.ಮೀ. ದಪ್ಪದ ಟಫನ್ಡ್ ಗಾಜು, ಅಂದರೆ ಕುಲುಮೆಯಲ್ಲಿ ಕಾಯಿಸಿ ಗಟ್ಟಿಗೊಳಿಸಿದ್ದು. ಒಂದೊಂದು ಹಲಗೆಯ ಅಗಲ 1.2 ಮೀ., ಎತ್ತರ 3.4 ಮೀ. ಮೊದಲ ಮಹಡಿಯ ಗಾಜು 90 ಸೆಂ.ಮೀ. ಅಗಲ, 1.4 ಮೀ. ಎತ್ತರ. ಒಳಗಡೆ 20 ಸೆಂ.ಮೀ. ಆಳದ ಗ್ರಾನೈಟ್ ಸಿಲ್ (ಕಿಟಕಿಯ ಬುಡದ ಕಟ್ಟೆ) ಇದೆ, ಅದರ ಮುಂದೆ 60 ಸೆಂ.ಮೀ. ಅಗಲದ ಮೇಜು. ಅಂದರೆ ಕೆಲಸ ಮಾಡುವವರ ಹೊಟ್ಟೆಗೂ ಗಾಜಿಗೂ ನಡುವೆ 80 ಸೆಂ.ಮೀ. ಎರಡನೇ ಮಹಡಿಯ ಶಟರ್ ಒಂದೊಂದೂ 60 × 120 ಸೆಂ.ಮೀ., ಗಾಜು 5 ಮಿ.ಮೀ. ಗ್ರಿಲ್ಲಿಗೂ ಹೊರಗಿನ ಶಟರ್ ಗಾಜಿಗೂ ನಡುವೆ 12 ಸೆಂ.ಮೀ. ಜಾಗ ಮಾತ್ರ.

ತಂಡದ ಕೈಯಲ್ಲಿರುವುದು 35 ಸೆಂ.ಮೀ. ಚಾನೆಲ್ಲಿನ (ರಬ್ಬರನ್ನು ಕಚ್ಚಿ ಹಿಡಿಯುವ ಲೋಹದ ಪಟ್ಟಿ), ಹಿಡಿ ಅಲುಗದ ಮಾಮೂಲಿ ಸ್ಕ್ವೀಜಿ (ಹೌಸ್‌ಕೀಪಿಂಗಿನವರು ಇದನ್ನೇ ಗ್ಲಾಸ್ ವೈಪರ್ ಎನ್ನುವುದು), ಅಷ್ಟೇ ಅಗಲದ ಟಿ-ಬಾರ್ ಮತ್ತು ಅದಕ್ಕೆ ತೊಡಿಸಿ ಗಾಜು ಒದ್ದೆ ಮಾಡುವ ಬಟ್ಟೆಯ ಸ್ಲೀವ್, 2.5 ಮೀಟರಿಗೆ ಚಾಚುವ ಎರಡು ತುಂಡಿನ ಅಲ್ಯುಮಿನಿಯಂ ಪೋಲ್, ಒಂದು ಬಕೆಟ್. ನೀರು ಸಂಪಿನದು: ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಬೆರೆತದ್ದು.

ದೂರುಗಳು ನಾಲ್ಕು. ಲಾಬಿ ಗಾಜಿನ ಮೇಲಿನ ಮುಕ್ಕಾಲು ಮೀಟರಿನಲ್ಲಿ ಪಟ್ಟೆ ಪಟ್ಟೆಯಾಗಿ ನೀರು ಉಳಿಯುತ್ತದೆ, ಸ್ವಲ್ಪ ಹೊತ್ತಿಗೆ ಅದು ಗೆರೆಯಾಗಿ ಇಳಿಯುತ್ತದೆ. ಮೊದಲ ಮಹಡಿಯಲ್ಲಿ ಪ್ರತಿ ಗಾಜಿನ ಬುಡದಲ್ಲೂ ಅರ್ಧ ಗೇಣಗಲದ ಮಂಕು ಪಟ್ಟಿ. ಎರಡನೇ ಮಹಡಿಯ ಹೊರಮೈ ಎಂದೂ ಪೂರ್ತಿ ಶುಚಿಯಾಗುವುದಿಲ್ಲ. ಇನ್ನು ಎಲ್ಲೆಡೆ ಚೌಕಟ್ಟಿನ ಅಂಚಿನಲ್ಲಿ ಬಿಳಿ ಚುಕ್ಕಿಗಳು.

ಇಷ್ಟು ಕೇಳಿದ ಕೂಡಲೇ ಅಂಗಡಿಗೆ ಹೋಗಿ ದುಬಾರಿ ಹಿಡಿಯೊಂದನ್ನು ತಂದುಬಿಡುವುದು ಸುಲಭ. ಆದರೆ ಈ ನಾಲ್ಕರಲ್ಲಿ ಕೊನೆಯದಕ್ಕೂ ಹಿಡಿಗೂ ಸಂಬಂಧವೇ ಇಲ್ಲ. ಮೊದಲಿನ ಮೂರಕ್ಕೆ ಬೇಕಾದದ್ದೂ ಒಂದೇ ಬಗೆಯ ಹೊಂದಾಣಿಕೆಯಲ್ಲ. ಯಾವ ದೋಷ ಎಲ್ಲಿಂದ ಹುಟ್ಟಿದೆ ಎಂದು ಬಿಡಿಸಿ ನೋಡದೆ ಕೊಂಡರೆ ದುಡ್ಡು ಹೋಗುತ್ತದೆ, ಗೆರೆ ಹಾಗೇ ಉಳಿಯುತ್ತದೆ.

ಮೊದಲು ರಬ್ಬರ್ ಪರೀಕ್ಷೆ

ಗೆರೆ ಯಾವುದರದು ಎಂದು ತಿಳಿಯಲು ಎರಡು ಹಂತದ ಪರೀಕ್ಷೆ ಸಾಕು, ಐದು ನಿಮಿಷದ ಕೆಲಸ. ಎದೆಮಟ್ಟದ ಒಂದು ಗಾಜನ್ನು ಒದ್ದೆ ಮಾಡಿ, ಮೇಲಿನಿಂದ ಕೆಳಗೆ ಒಂದೇ ಎಳೆತ ಎಳೆಯಿರಿ. ಗೆರೆ ಬಂದ ಜಾಗವನ್ನು ನೆನಪಿಡಿ. ಬಲತುದಿಯಿಂದ 8 ಸೆಂ.ಮೀ. ಒಳಗೆ ಬಂತು ಎಂದುಕೊಳ್ಳಿ. ಈಗ ಚಾನೆಲನ್ನು ಹಿಡಿಯಿಂದ ಬಿಚ್ಚಿ, ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿ ಹಾಕಿ, ಅದೇ ಜಾಗದಲ್ಲಿ ಮತ್ತೆ ಎಳೆಯಿರಿ. ಗೆರೆ ಗಾಜಿನ ಮೇಲೆ ಮೊದಲಿನ ಜಾಗದಲ್ಲೇ ಇದ್ದರೆ ದೋಷ ಗಾಜಿನದು: ಬಣ್ಣದ ಹನಿ, ಸಿಲಿಕೋನ್, ಸಿಮೆಂಟಿನ ಕಣ ಏನೋ ಅಂಟಿಕೊಂಡಿದೆ. ಗೆರೆ ಎಡತುದಿಯಿಂದ 8 ಸೆಂ.ಮೀ.ಗೆ ಹಾರಿದರೆ ದೋಷ ಸ್ಕ್ವೀಜಿಯದು. ಎರಡನೇ ಹಂತದಲ್ಲಿ ಚಾನೆಲನ್ನು ಹಾಗೇ ಬಿಟ್ಟು ರಬ್ಬರನ್ನು ಮಾತ್ರ ಹೊರಗೆಳೆದು ತುದಿಯಿಂದ ತುದಿಗೆ ತಿರುಗಿಸಿ. ಗೆರೆ ಮತ್ತೆ ಹಾರಿದರೆ ರಬ್ಬರಿಗೆ ಏಟು ಬಿದ್ದಿದೆ. ಕದಲದಿದ್ದರೆ ಚಾನೆಲ್ ಬಾಗಿದೆ ಅಥವಾ ಅದರ ತುಟಿ ಅಲ್ಲಿ ಸಡಿಲವಾಗಿದೆ.

ಚಾನೆಲ್ ಬಾಗಿರುವುದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. ರಬ್ಬರ್ ತೆಗೆದ ಬರೀ ಚಾನೆಲ್ಲಿನ ಬೆನ್ನನ್ನು, ಒಣಗಿದ ಶುಚಿ ಗಾಜಿಗೆ ಮೆಲ್ಲನೆ ತಾಗಿಸಿ, ಆಚೆಯಿಂದ ಬೆಳಕು ನುಸುಳುತ್ತದೆಯೇ ನೋಡಬೇಕು. ನಡುವೆ ಬೆಳಕು ಕಂಡರೆ ಆ ಚಾನೆಲ್ ಮುಗಿಯಿತು. ಪೋಲಿನ ತುದಿಯಿಂದ ಒಮ್ಮೆ ಗ್ರಾನೈಟ್ ನೆಲಕ್ಕೆ ಬಿದ್ದ ಅಲ್ಯುಮಿನಿಯಂ ಚಾನೆಲನ್ನು ಈ ಪರೀಕ್ಷೆ ಇಲ್ಲದೆ ಮತ್ತೆ ಬಳಸಬಾರದು.

ರಬ್ಬರಿನ ಅಂಚು ಚೌಕವಾಗಿ, ಚೂಪಾಗಿ ಇರಬೇಕು. ಉಗುರಿನ ಬದಿಯನ್ನು ಅಂಚಿನ ಉದ್ದಕ್ಕೂ ಹಗುರವಾಗಿ ಎಳೆದರೆ ಕಚ್ಚು ತಡೆಯುತ್ತದೆ. ಅಂಚು ದುಂಡಗಾಗಿದ್ದರೆ ಬೆರಳಿಗೆ ಜಾರಿದಂತಾಗುತ್ತದೆ. ಒಂದೇ ಪಟ್ಟಿಯಲ್ಲಿ ಎರಡು ಅಂಚು ಸಿಗುತ್ತವೆ, ಒಂದು ಸವೆದರೆ ಮಗುಚಿ ಹಾಕಬಹುದು. ನಮ್ಮ ಊರುಗಳ ಬಿಸಿಲಿಗೆ ಗಟ್ಟಿ ರಬ್ಬರ್ ಒಗ್ಗುತ್ತದೆ. ಮೆತ್ತನೆಯದು ಚಳಿದೇಶಕ್ಕೆ ಸರಿ, ಇಲ್ಲಿ ಏಪ್ರಿಲ್ ಮಧ್ಯಾಹ್ನ ಅದು ಇನ್ನೂ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ.

ಈ ಕಟ್ಟಡದಂಥ ಕಡೆ ರಬ್ಬರ್ ಬದಲಿಸಿದಾಗ ಲಾಬಿಯ ಕೆಳಭಾಗ, ಮೊದಲ ಮಹಡಿಯ ನಡುಭಾಗ ತಕ್ಷಣ ಸುಧಾರಿಸುತ್ತವೆ. ಮೇಲಿನ ಪಟ್ಟೆ, ಬುಡದ ಮಂಕು, ಗ್ರಿಲ್ಲಿನ ಹಿಂಬದಿ ಹಾಗೇ ಉಳಿಯುತ್ತವೆ. ಹಿಡಿಯ ವಿಚಾರ ಶುರುವಾಗುವುದು ಇಲ್ಲಿಂದ.

ಕೋನದ ಲೆಕ್ಕ

ಕೈಯಲ್ಲಿ ಹಿಡಿದು ಎಳೆಯುವಾಗ ಹಿಡಿಗೂ ಗಾಜಿಗೂ ನಡುವೆ ಸುಮಾರು 30ರಿಂದ 45 ಡಿಗ್ರಿ ಕೋನ ಇದ್ದರೆ ರಬ್ಬರಿನ ಅಂಚು ನೀರನ್ನು ಕತ್ತರಿಸಿಕೊಂಡು ಹೋಗುತ್ತದೆ. ಹಿಡಿ ಗಾಜಿನತ್ತ ಹೆಚ್ಚು ಮಲಗಿದರೆ ಚಾನೆಲ್ಲಿನ ಲೋಹ, ರಬ್ಬರ್ ಜಾರದಂತೆ ತುದಿಯಲ್ಲಿ ಹಾಕುವ ಕ್ಲಿಪ್ಪು ಗಾಜಿಗೆ ತಾಗಿ ರಬ್ಬರ್ ಎದ್ದುಬಿಡುತ್ತದೆ. ಹೆಚ್ಚು ನಿಂತರೆ ರಬ್ಬರ್ ಕಟಕಟನೆ ಜಿಗಿಯುತ್ತಾ ಅಡ್ಡ ಗೆರೆಗಳನ್ನು ಬಿಡುತ್ತದೆ.

ಪೋಲ್ ಹಾಕಿದಾಗ ಏನಾಗುತ್ತದೆ? ಗಾಜಿನಿಂದ 1 ಮೀ. ದೂರ ನಿಂತು, ಕೈ 1.3 ಮೀ. ಎತ್ತರದಲ್ಲಿದ್ದರೆ, 3.3 ಮೀಟರಿನಲ್ಲಿ ಸ್ಕ್ವೀಜಿ ಇದ್ದಾಗ ಪೋಲಿಗೂ ಗಾಜಿಗೂ ಇರುವ ಕೋನ 27 ಡಿಗ್ರಿ. ಕಾಲು ಕದಲಿಸದೆ 2.2 ಮೀಟರಿಗೆ ಇಳಿಸಿದರೆ 48 ಡಿಗ್ರಿ. 1.5 ಮೀಟರಿಗೆ ಬಂದಾಗ 79 ಡಿಗ್ರಿ. ಹಿಡಿ ಅಲುಗದ ಸ್ಕ್ವೀಜಿಯಲ್ಲಿ ಚಾನೆಲ್ಲಿನ ಕೋನವೂ ಇದೇ. ಮೇಲೆ ರಬ್ಬರ್ ಮಲಗಿ ತುದಿಗಳಲ್ಲಿ ನೀರು ಬಿಡುತ್ತದೆ, ಕೆಳಗೆ ನಿಂತು ಜಿಗಿಯುತ್ತದೆ. ಲಾಬಿಯ ಮೊದಲ ದೂರು ಹುಟ್ಟಿದ್ದು ಈ 27 ಡಿಗ್ರಿಯಿಂದ. ಇದನ್ನು ಅಳೆಯಲು ಬೇರೆ ಸಾಧನ ಬೇಡ; ಮೊಬೈಲಿನ ಮಟ್ಟಗೋಲು ಆ್ಯಪ್ ತೆರೆದು ಫೋನನ್ನು ಪೋಲಿಗೆ ಒತ್ತಿ ಹಿಡಿದರೆ ಡಿಗ್ರಿ ತೋರಿಸುತ್ತದೆ. ಪೋಲ್ ನೇರ ನಿಂತ ಗೆರೆಯಿಂದ ಎಷ್ಟು ವಾಲಿದೆ ಎಂಬುದನ್ನು ಓದಿಕೊಳ್ಳಬೇಕು, ನೆಲದಿಂದ ಎಷ್ಟು ಎದ್ದಿದೆ ಎಂಬುದನ್ನಲ್ಲ.

ಮೊದಲ ಮಹಡಿಯ ಲೆಕ್ಕ ಬೇರೆ. ಕೆಳಮುಖವಾಗಿ ಎಳೆಯುವಾಗ ಹಿಡಿ ಚಾನೆಲ್ಲಿಗಿಂತ ಕೆಳಗೆ ಇರುತ್ತದೆ. 14 ಸೆಂ.ಮೀ. ಉದ್ದದ ಹಿಡಿ 35 ಡಿಗ್ರಿಯಲ್ಲಿ ವಾಲಿದರೆ ಅದರ ಬುಡ ರಬ್ಬರಿನಿಂದ ಸುಮಾರು 11.5 ಸೆಂ.ಮೀ. ಕೆಳಗಿರುತ್ತದೆ. ಅದು ಸಿಲ್ಲಿಗೆ ತಾಗಿದಾಗ ರಬ್ಬರ್ ಇನ್ನೂ 11.5 ಸೆಂ.ಮೀ. ಮೇಲೆಯೇ ನಿಂತಿರುತ್ತದೆ. ಅರ್ಧ ಗೇಣಗಲದ ಮಂಕು ಪಟ್ಟಿಗೆ ಕಾರಣ ಇದೇ. ಉಳಿದದ್ದನ್ನು ಬಟ್ಟೆಯಿಂದ ಒರೆಸಿದಾಗ ಬಟ್ಟೆಯ ಒದ್ದೆ, ಸೋಪಿನ ಅಂಶ ಅಲ್ಲೇ ಕೂರುತ್ತವೆ.

ಗ್ರಿಲ್ಲಿನ ಹಿಂದೆ ಜಾಗದ ತೊಂದರೆ. ಅದೇ ಹಿಡಿ 35 ಡಿಗ್ರಿಯಲ್ಲಿ ಗಾಜಿನಿಂದ ಸುಮಾರು 8 ಸೆಂ.ಮೀ. ಹೊರಚಾಚುತ್ತದೆ, ಅದರ ಮೇಲೆ ಮುಷ್ಟಿಯ ಅರ್ಧ ದಪ್ಪ ಕೂಡಿದರೆ 12 ಸೆಂ.ಮೀ. ಜಾಗ ಸಾಲುವುದಿಲ್ಲ. ಗೆಣ್ಣು ಗ್ರಿಲ್ಲಿಗೆ ಉಜ್ಜುತ್ತದೆ, ಕೆಲಸದವರು ನೋವು ತಪ್ಪಿಸಿಕೊಳ್ಳಲು ಹಿಡಿಯನ್ನು ಗಾಜಿನತ್ತ ಮಲಗಿಸುತ್ತಾರೆ, ಲೋಹ ಗಾಜಿಗೆ ತಾಗುತ್ತದೆ.

ಯಾವ ಹೊಂದಾಣಿಕೆ ಯಾವುದಕ್ಕೆ

ಅಂಗಡಿಯಲ್ಲಿ ಅಡ್ಜಸ್ಟಬಲ್ ಎಂದು ಸಿಗುವ ಸ್ಕ್ವೀಜಿಗಳಲ್ಲಿ ಮೂರು ಚಲನೆಗಳಿವೆ. ಕೆಲವದರಲ್ಲಿ ಒಂದೇ, ಕೆಲವದರಲ್ಲಿ ಎರಡು.

ಮೊದಲನೆಯದು ಹಿಂದೆ-ಮುಂದೆ ಬಾಗುವುದು: ಹಿಡಿ ಗಾಜಿಗೆ ಎಷ್ಟು ಹತ್ತಿರ ಬಂದರೂ ಚಾನೆಲ್ ತನ್ನ ಕೋನ ಬಿಡದಂತೆ ಕತ್ತಿನಲ್ಲಿ (ಹಿಡಿ ಚಾನೆಲ್ಲಿಗೆ ಸೇರುವ ಕಡೆ) ಬಾಗಿಸಿ ಬಿಗಿ ಮಾಡಬಹುದು. ಪೋಲ್ ಕೆಲಸಕ್ಕೂ ಗ್ರಿಲ್ ಹಿಂದಿನ ಕೆಲಸಕ್ಕೂ ಬೇಕಾದದ್ದು ಇದು. ಪೂರ್ತಿ ಬಾಗಿಸಿದಾಗ ಹಿಡಿ ಗಾಜಿಗೆ ಸಮಾನಾಂತರವಾಗಿ ನಿಲ್ಲುತ್ತದೆ; ಈ ನಿಲುವಿಗೇ ಸ್ಥಿರವಾಗಿ ಮಾಡಿದ ಹಿಡಿಗಳೂ ಇವೆ, ಅವನ್ನು ಝೀರೋ ಡಿಗ್ರಿ ಹಿಡಿ ಎನ್ನುತ್ತಾರೆ. ಎರಡನೆಯದು ಎಡ-ಬಲ ಹೊರಳುವುದು: ಚಾನೆಲ್ ನಿಂತಂತೆ ಹಿಡಿ ಪಕ್ಕಕ್ಕೆ ತಿರುಗುತ್ತದೆ. ಸಿಲ್ಲಿನ ಮೂಲೆ, ಮೇಜಿನ ಆಚೆಯ ಗಾಜು ಇದರ ಪಾಲು. ಆಸ್ಟ್ರೇಲಿಯಾದ ವ್ಯಾಗ್‌ಟೇಲ್ ಕಂಪನಿ ಈ ಬಗೆಯಿಂದಲೇ ಹೆಸರು ಮಾಡಿದ್ದು. ಮೂರನೆಯದು ಚಾನೆಲನ್ನು ಹಿಡಿಯಲ್ಲಿ ಅತ್ತ ಇತ್ತ ಸರಿಸುವುದು: ನಟ್ಟನಡುವೆ ಹಿಡಿಯುವ ಬದಲು ಒಂದು ಬದಿ ಉದ್ದ, ಒಂದು ಬದಿ ಗಿಡ್ಡ ಮಾಡಿಕೊಂಡರೆ ಕಂಬ, ಬಾಗಿಲ ಹಿಡಿ, ಪೈಪಿನ ಹಿಂದಕ್ಕೆ ಉದ್ದ ಬದಿ ನುಸುಳುತ್ತದೆ. ಆದರೆ ಉದ್ದ ಬದಿಯ ತುದಿಗೆ ಒತ್ತಡ ಕಡಿಮೆ ಬೀಳುತ್ತದೆ, ಹಾಗಾಗಿ ನಡುವಿನಿಂದ 5 ಸೆಂ.ಮೀ.ಗಿಂತ ಹೆಚ್ಚು ಸರಿಸದಿರುವುದು ಮೇಲು.

ಈ ಕಟ್ಟಡಕ್ಕೆ ಮೂರನೆಯದರ ಅಗತ್ಯವಿಲ್ಲ. ಬೇಕಾದದ್ದು ಎರಡು ಹಿಡಿ: ಒಂದು ಹಲ್ಲುಬಿಗಿಯಲ್ಲಿ (ಹಲ್ಲುಗಳು ಒಂದಕ್ಕೊಂದು ಕಚ್ಚಿ ಕೋನ ಬಿಗಿಹಿಡಿಯುವ ಕೀಲು) ಹಿಂದೆ-ಮುಂದೆ ಬಾಗುವುದು, ಇನ್ನೊಂದು ಎಡ-ಬಲ ಹೊರಳುವುದು. ಎರಡೂ ಚಲನೆ ಇರುವ ಒಂದೇ ಹಿಡಿ ಸಿಗುತ್ತದೆಯಾದರೂ ಪೋಲಿಗೆ ಅದನ್ನು ಒಪ್ಪಲಾಗದು. ಕತ್ತಿನಲ್ಲಿ ಎರಡು ಕೀಲು ಅಂದರೆ ಎರಡು ಕಡೆ ಸಡಿಲ. ಪೋಲಿನ ತುದಿಯಲ್ಲಿ ಆ ಸಡಿಲವೆಲ್ಲ ರಬ್ಬರಿನ ಅಂಚಿಗೆ ಹೋಗಿ ಸೇರುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು: ಹಿಡಿಯನ್ನು ಬೇಕಾದ ಕೋನಕ್ಕೆ ಬಿಗಿ ಮಾಡಿ, ಚಾನೆಲ್ಲಿನ ಎರಡು ತುದಿಯನ್ನು ಒಬ್ಬರು ಹಿಡಿದುಕೊಂಡು, ಇನ್ನೊಬ್ಬರು ಹಿಡಿಯನ್ನು ತಿರುಚಬೇಕು. ಕತ್ತಿನಲ್ಲಿ ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಬೇಡ. ಒತ್ತುವ ಗುಂಡಿಯ ಬಿಗಿ ಚೆನ್ನಾಗಿ ಕಾಣುತ್ತದೆ, ಆದರೆ ಒದ್ದೆ ಕೈಗವಸಿನಲ್ಲಿ ಅದು ಬಿಚ್ಚಿಕೊಳ್ಳುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಿ. ಪೋಲಿನ ತುದಿಯ ಮೊನಚು ಭಾಗ ಹಿಡಿಯ ತೂತಿಗೆ ಕೂರುವಾಗ ಬರೀ ಬಿಗಿಯಿಂದ ನಿಲ್ಲಬಾರದು, ಕ್ಲಿಕ್ ಎಂದು ಕಚ್ಚಬೇಕು. ಕಚ್ಚದ ಹಿಡಿ 3 ಮೀ. ಎತ್ತರದಿಂದ ಯಾರ ತಲೆಯ ಮೇಲಾದರೂ ಬೀಳಬಹುದು. ಇನ್ನು ಜರ್ಮನಿಯ ಉಂಗರ್, ಬೆಲ್ಜಿಯಂನ ಮೋರ್‌ಮನ್, ಇಟಲಿಯ ಪುಲೆಕ್ಸ್, ಅಮೆರಿಕದ ಎಟೋರೆ ಹೀಗೆ ಯಾವ ಕಂಪನಿಯದಾದರೂ ಆಗಲಿ, ಒಂದರ ಚಾನೆಲ್ ಇನ್ನೊಂದರ ಹಿಡಿಗೆ ಕೂತೇ ಕೂರುತ್ತದೆ ಎಂದುಕೊಳ್ಳಬೇಡಿ. ಬದಲಿ ರಬ್ಬರ್ ಮತ್ತು ಕ್ಲಿಪ್ ಊರಿನಲ್ಲೇ ಸಿಗುವ ಕಂಪನಿಯನ್ನು ಆರಿಸಿಕೊಳ್ಳುವುದು ಜಾಣತನ.

ರಬ್ಬರ್ ಬದಲಿಸುವ ಸಲೀಸುತನಕ್ಕೂ ಇತಿಹಾಸವಿದೆ. ಇಟಲಿಯಿಂದ ಅಮೆರಿಕಕ್ಕೆ ಹೋಗಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಕಿಟಕಿ ಒರೆಸುತ್ತಿದ್ದ ಎಟೋರೆ ಸ್ಟೆಕೋನೆ 1936ರಲ್ಲಿ ಹಗುರ ಹಿತ್ತಾಳೆಯ, ಒಂದೇ ರಬ್ಬರಿನ ಸ್ಕ್ವೀಜಿಗೆ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ ಬಳಕೆಯಲ್ಲಿದ್ದ ಭಾರದ ಷಿಕಾಗೋ ಸ್ಕ್ವೀಜಿಯಲ್ಲಿ ರಬ್ಬರ್ ಬದಲಿಸಬೇಕೆಂದರೆ ಹನ್ನೆರಡು ತಿರುಪು ಬಿಚ್ಚಬೇಕಿತ್ತು. ಇಂದಿನ ಹಿಡಿಗಳಲ್ಲೂ ರಬ್ಬರ್ ಬದಲಿಸಲು ಸ್ಕ್ರೂಡ್ರೈವರ್ ಬೇಕಾದರೆ ಕೆಲಸದವರು ಮುಂದೂಡುತ್ತಾರೆ, ಸವೆದ ರಬ್ಬರಿನಲ್ಲೇ ವಾರಗಟ್ಟಲೆ ಎಳೆಯುತ್ತಾರೆ. ಅಂಥದ್ದನ್ನು ಕೊಳ್ಳಬಾರದು.

ಚಾನೆಲ್ಲಿನ ಉದ್ದ

ಚಾನೆಲ್ ಸಾಮಾನ್ಯವಾಗಿ ಸಿಗುವುದು 15, 25, 35, 45, 55 ಸೆಂ.ಮೀ. ಅಳತೆಗಳಲ್ಲಿ. 90 ಸೆಂ.ಮೀ. ಅಗಲದ ಗಾಜಿಗೆ 45ರ ಚಾನೆಲ್ ಎರಡು ಎಳೆತಕ್ಕೆ ಸರಿಹೋಯಿತು ಎನಿಸುತ್ತದೆ. ಅದೇ ತಪ್ಪು. ಎರಡು ಎಳೆತದ ನಡುವೆ ಒಂದರ ಮೇಲೊಂದು ಕನಿಷ್ಠ 4–5 ಸೆಂ.ಮೀ. ಹಾಯಬೇಕು, 45 + 45ರಲ್ಲಿ ಅದಕ್ಕೆ ಜಾಗವೇ ಇಲ್ಲ, ನಟ್ಟನಡುವೆ ನೀರಿನ ಗೆರೆ ಖಚಿತ. 35ರ ಚಾನೆಲ್ಲಿನಲ್ಲಿ ಮೂರು ಎಳೆತ ಅಂದರೆ 105, ಹೆಚ್ಚುವರಿ 15 ಸೆಂ.ಮೀ. ಎರಡು ಕಡೆ ಹಂಚಿಕೊಂಡು 7.5 ಸೆಂ.ಮೀ. ಹಾಯುತ್ತದೆ. ಲಾಬಿಯ 1.2 ಮೀಟರಿಗೆ 45ರ ಚಾನೆಲ್ ಮೂರು ಎಳೆತ, 135. ಇಲ್ಲೂ ಅಷ್ಟೇ 7.5 ಸಿಗುತ್ತದೆ. 55 ಹಾಕಿದರೂ ಮೂರು ಎಳೆತ ಬೇಕೇ ಬೇಕು, ಏಕೆಂದರೆ ಎರಡಕ್ಕೆ 110 ಮಾತ್ರ. ಭಾರ ಹೆಚ್ಚಿತೇ ಹೊರತು ಎಳೆತ ಉಳಿಯಲಿಲ್ಲ. ಗ್ರಿಲ್ ಕಿಟಕಿಗೆ 25 ಸಾಕು.

ರಬ್ಬರ್ ಚಾನೆಲ್ಲಿಗಿಂತ ಎರಡೂ ಕಡೆ 3 ಮಿ.ಮೀ.ಯಷ್ಟು ಹೊರಗಿರಬೇಕು. ಅಂದರೆ 45 ಸೆಂ.ಮೀ. ಚಾನೆಲ್ಲಿಗೆ 45.6 ಸೆಂ.ಮೀ. ರಬ್ಬರ್. ಹೊರಗಿನ ಭಾಗ ಹೆಚ್ಚಾದರೆ ತುದಿ ಮಡಚಿ ನೀರು ಬಿಡುತ್ತದೆ; ಇಲ್ಲವೇ ಇಲ್ಲದಿದ್ದರೆ ಲೋಹದ ಮೂಲೆ ಚೌಕಟ್ಟಿಗೂ ಗಾಜಿಗೂ ಗೀಚುತ್ತದೆ. ಕತ್ತರಿಸುವಾಗ ಹೊಸ ಬ್ಲೇಡಿನಿಂದ ಒಂದೇ ಏಟಿಗೆ, ನೇರವಾಗಿ. ಕತ್ತರಿಯಲ್ಲಿ ಕತ್ತರಿಸಿದ ತುದಿ ಓರೆಯಾಗುತ್ತದೆ. ರಬ್ಬರನ್ನು ತುಸು ಎಳೆದು ಕ್ಲಿಪ್ ಹಾಕಬೇಕು, ಜಗ್ಗಿ ಎಳೆದರೆ ಅಂಚು ಅಲೆಅಲೆಯಾಗುತ್ತದೆ.

ನೀರು, ಸೋಪು

ಬಿಳಿ ಚುಕ್ಕಿಗಳಿಗೆ ಕಾರಣ ಸಂಪಿನ ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡ ಐ.ಎಸ್. 10500ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದಾಗ 600ರವರೆಗೆ ಸಹಿಸಬಹುದು. 600ರ ನೀರು ಗಾಜಿನ ಅಂಚಿನಲ್ಲಿ ಒಣಗಿದರೆ ಸುಣ್ಣದ ಚುಕ್ಕಿ ಉಳಿಯದೆ ಇರುವುದಿಲ್ಲ. ಒಂದು ಕಟ್ಟಡಕ್ಕೆ ಒಂದೆರಡು ಬಕೆಟ್ ನೀರಷ್ಟೇ ಬೇಕಾಗುವುದರಿಂದ ಕಾವೇರಿ ನಲ್ಲಿ ಇದ್ದರೆ ಅದರಿಂದ, ಇಲ್ಲವೇ ಪ್ಯಾಂಟ್ರಿಯ ಆರ್.ಓ.ದಿಂದ ತುಂಬಿಸಿಕೊಳ್ಳಬಹುದು. ಆರ್.ಓ. ಯಂತ್ರ ಹೊರಬಿಡುವ ನೀರು ಮಾತ್ರ ಖಂಡಿತ ಬೇಡ, ಲವಣವೆಲ್ಲ ಅದರಲ್ಲೇ ಕೂಡಿರುತ್ತದೆ.

10 ಲೀ. ನೀರಿಗೆ ಒಂದು ಚಹಾ ಚಮಚ, ಅಂದರೆ 5 ಮಿ.ಲೀ. ಪಾತ್ರೆ ತೊಳೆಯುವ ದ್ರವ. ರಬ್ಬರ್ ತಡೆತಡೆದು ಬಂದರೆ ಇನ್ನರ್ಧ ಚಮಚ. ನೊರೆ ಜಾಸ್ತಿಯಾದರೆ ಗಾಜಿನ ಮೇಲೆ ಮಂಜಿನಂಥ ಪೊರೆ ನಿಲ್ಲುತ್ತದೆ, ಬೆಳಗಿನ ಓರೆ ಬಿಸಿಲಿನಲ್ಲಿ ಅದು ಎದ್ದು ಕಾಣುತ್ತದೆ. ಗಡಸು ನೀರಿಗೆ ಬಟ್ಟೆ ಸೋಪು ಹಾಕಲೇಬಾರದು, ಜಿಡ್ಡಾಗಿ ಒಡೆದು ರಬ್ಬರಿಗೆ ಅಂಟುತ್ತದೆ. ಹಳೆಯ ಚುಕ್ಕಿಗಳಿಗೆ ಬಿಳಿ ವಿನೆಗರ್ ನೆನೆಸಿದ ಬಟ್ಟೆಯನ್ನು ಐದು ನಿಮಿಷ ಒತ್ತಿಟ್ಟು, ಉಜ್ಜಿ, ನೀರು ಹಾಕಿ ತೊಳೆಯಬಹುದು. ಆ ನೀರು ಗ್ರಾನೈಟಿಗೆ ಪರವಾಗಿಲ್ಲ, ಅಮೃತಶಿಲೆಯ ಸಿಲ್ ಇದ್ದರೆ ಕಲ್ಲನ್ನೇ ತಿನ್ನುತ್ತದೆ.

ಲಾಬಿಯಲ್ಲಿ ಕೆಲಸ

ಪಶ್ಚಿಮದ ಗಾಜನ್ನು ಬೆಳಿಗ್ಗೆ, ಪೂರ್ವದ್ದನ್ನು ಮಧ್ಯಾಹ್ನ. ಬಿಸಿಲಿಗೆ ಕಾದ ಗಾಜಿನ ಮೇಲೆ ಎರಡನೇ ಎಳೆತಕ್ಕೆ ಮುಂಚೆಯೇ ನೀರು ಒಣಗಿಬಿಡುತ್ತದೆ.

ಬಾಗುವ ಹಿಡಿಯನ್ನು ಪೋಲಿನ ರೇಖೆಯಿಂದ 12 ಡಿಗ್ರಿಯ ಆಸುಪಾಸಿಗೆ ಬಾಗಿಸಿ ಬಿಗಿ ಮಾಡಿ. ಮೇಲಿನ 27 ಡಿಗ್ರಿಗೆ ಇದು ಕೂಡಿ ಚಾನೆಲ್ 39ರಲ್ಲಿ ನಿಲ್ಲುತ್ತದೆ. ಹಲ್ಲುಬಿಗಿಯಲ್ಲಿ ಸರಿಯಾಗಿ 12 ಸಿಗದಿದ್ದರೆ 10 ಅಥವಾ 15 ನಡೆಯುತ್ತದೆ. ಮೊದಲು ಒಣ ಸ್ಲೀವಿನಿಂದ ಚೌಕಟ್ಟಿನ ಧೂಳು ತೆಗೆಯಬೇಕು, ಆಮೇಲೆ ಒದ್ದೆ ಸ್ಲೀವ್. ಮೇಲಂಚಿನ ಉದ್ದಕ್ಕೂ 2–3 ಸೆಂ.ಮೀ. ಅಗಲದ ಒಣ ಪಟ್ಟಿ ಮಾಡಿಕೊಳ್ಳುವುದು ಅರ್ಧ ಕೆಲಸ ಗೆದ್ದಂತೆ: ಪೋಲಿನ ತುದಿಗೆ ಮೈಕ್ರೋಫೈಬರ್ ಬಟ್ಟೆ ಸುತ್ತಿದ ಟಿ-ಬಾರ್ ಹಾಕಿ ಅಂಚನ್ನು ಒಮ್ಮೆ ಒರೆಸಿದರೆ ಸಾಕು. ರಬ್ಬರ್ ಒಣ ಜಾಗದಲ್ಲಿ ಶುರುವಾದರೆ ಮೇಲಿನಿಂದ ನೀರು ಜಿನುಗುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇಳಿಯುವ ಗೆರೆಗಳು ಬಹುತೇಕ ಚೌಕಟ್ಟಿನ ಬೀಡಿಂಗಿನಲ್ಲಿ (ಗಾಜನ್ನು ಹಿಡಿದಿಡುವ ಅಂಚುಪಟ್ಟಿ) ಅಡಗಿದ್ದ ನೀರಿನವು.

ಎಡ ಅಂಚಿನಿಂದ ಮೊದಲ ಎಳೆತ. ಕೆಳಗೆ ಬರುತ್ತಿದ್ದಂತೆ ನಿಂತಲ್ಲೇ ನಿಲ್ಲಬಾರದು. ಪೋಲನ್ನು ಹಿಂದಕ್ಕೆ ಜಾರಲು ಬಿಡುತ್ತಾ ಒಂದು ಹೆಜ್ಜೆ ಗಾಜಿನತ್ತ ಹಾಕಬೇಕು. 2.2 ಮೀ. ಎತ್ತರಕ್ಕೆ ಬರುವಾಗ ಗಾಜಿನಿಂದ 60 ಸೆಂ.ಮೀ. ದೂರ, ಕೈ 1.2 ಮೀಟರಿನಲ್ಲಿದ್ದರೆ ಪೋಲಿನ ಕೋನ 31 ಡಿಗ್ರಿ, ಚಾನೆಲ್ಲಿನದು 43. ಮೊಬೈಲಿನ ಲೆಕ್ಕ ಬೇಕಾಗುವುದು ಕಲಿಯುವಾಗ ಮಾತ್ರ, ಮುಂದೆ ಹೆಜ್ಜೆಯೇ ತಾನಾಗಿ ಬೀಳುತ್ತದೆ. ಎದೆಮಟ್ಟಕ್ಕೆ ಬಂದಾಗ ನಿಲ್ಲಿಸದೆ ಚಾನೆಲ್ಲನ್ನು ಒದ್ದೆ ಬದಿಗೆ ಓರೆ ಮಾಡಿ ಎತ್ತಿಬಿಡಿ. ಮೂರು ಎಳೆತವೂ ಮುಗಿದ ಮೇಲೆ ಪೋಲ್ ಕಳಚಿ, ಕೆಳಗಿನ ಒಂದೂವರೆ ಮೀಟರನ್ನು ಹಿಡಿ ನೇರ ಮಾಡಿ ಕೈಯಿಂದಲೇ ಮುಗಿಸಬೇಕು. ಕೆಳಭಾಗವನ್ನೂ ಪೋಲಿನಲ್ಲೇ ಎಳೆಯುವ ಆಸೆ ಬೇಡ, ಅಲ್ಲಿ ಯಾವ ಹೊಂದಾಣಿಕೆಯೂ 79 ಡಿಗ್ರಿಯನ್ನು ಸರಿ ಮಾಡಲಾರದು.

ಎರಡನೇ, ಮೂರನೇ ಎಳೆತದಲ್ಲಿ ಒಣ ಬದಿಯ ತುದಿ ತುಸು ಮೇಲೆ, ಒದ್ದೆ ಬದಿಯ ತುದಿ ತುಸು ಕೆಳಗೆ ಇರುವಂತೆ ಚಾನೆಲ್ಲನ್ನು ವಾಲಿಸಿದರೆ ನೀರು ಒದ್ದೆ ಬದಿಗೆ ಹರಿಯುತ್ತದೆ, ಒಣಗಿದ ಕಡೆಗೆ ಹಿಂತಿರುಗುವುದಿಲ್ಲ. ಪ್ರತಿ ಎಳೆತದ ನಂತರ ರಬ್ಬರ್ ಒರೆಸಲೇಬೇಕು.

ಸಿಲ್ಲಿನ ಗಾಜು

ಮೇಜಿನ ಮೇಲೆ ಹತ್ತುವ ರೂಢಿಯನ್ನು ಮೊದಲು ನಿಲ್ಲಿಸಬೇಕು. 60 ಸೆಂ.ಮೀ. ಉದ್ದದ ಗಿಡ್ಡ ಪೋಲಿಗೆ ಹೊರಳುವ ಹಿಡಿ, 35ರ ಚಾನೆಲ್ ಹಾಕಿಕೊಂಡರೆ ನೆಲದಲ್ಲಿ ನಿಂತೇ ಮೇಲಂಚು ಮುಟ್ಟಬಹುದು. ಸಿಲ್ಲಿನ ಉದ್ದಕ್ಕೂ ಹಳೆಯ ಟವೆಲ್ ಸುರುಳಿ ಮಾಡಿ ಇಡಿ. ಸ್ಲೀವನ್ನು ಹಿಂಡಿಯೇ ಬಳಸಬೇಕು, ತೊಟ್ಟಿಕ್ಕುವ ಸ್ಲೀವ್ ಕೀಬೋರ್ಡುಗಳಿಗೆ ಶತ್ರು.

ಕೆಳಮುಖದ ಮೂರು ಎಳೆತಗಳನ್ನು ಸಿಲ್ಲಿಗಿಂತ 20 ಸೆಂ.ಮೀ. ಮೇಲೆ ನಿಲ್ಲಿಸಿ. ಉಳಿದ ಪಟ್ಟಿಗೆ 25ರ ಚಾನೆಲ್. ಅದನ್ನು ನೆಟ್ಟಗೆ ನಿಲ್ಲಿಸಿ ಎಡದಿಂದ ಬಲಕ್ಕೆ ಒಂದೇ ಎಳೆತ. ಮಾಮೂಲಿ ಹಿಡಿಯಲ್ಲಿ ಈ ಎಳೆತ ಬಲಚೌಕಟ್ಟಿಗೆ 11–12 ಸೆಂ.ಮೀ. ಮುಂಚೆಯೇ ನಿಲ್ಲುತ್ತದೆ, ಹಿಡಿ ಮುಂದೆ ಚಾಚಿಕೊಂಡಿರುತ್ತದಲ್ಲ. ಹೊರಳುವ ಹಿಡಿಯನ್ನು ಚಾನೆಲ್ಲಿನ ಉದ್ದಕ್ಕೆ ಸೇರುವಂತೆ ಮೇಲಕ್ಕೆ ತಿರುಗಿಸಿಕೊಂಡರೆ ಕೈ ಗಾಜಿನ ಮೇಲುಗಡೆ ಇರುತ್ತದೆ, ರಬ್ಬರ್ ಸೀದಾ ಮೂಲೆಗೆ ಹೋಗಿ ಕೂರುತ್ತದೆ. ಮೂಲೆಯಲ್ಲಿ ನಿಂತ ಒಂದು ಗೆರೆ ನೀರನ್ನು ಬೆರಳಿಗೆ ಸುತ್ತಿದ ಒಣ ಮೈಕ್ರೋಫೈಬರಿನಲ್ಲಿ ಒಂದು ಸಲ ಎತ್ತಿದರೆ ಮುಗಿಯಿತು. ಈ ಒಂದು ಎಳೆತಕ್ಕಾಗಿಯೇ ಹೊರಳುವ ಹಿಡಿಯ ಬೆಲೆ ಕೊಡಬಹುದು.

ಹೊರಳುವ ಹಿಡಿಯ ತಿಕ್ಕಾಟವನ್ನು ಹೊಂದಿಸುವುದು ಹೀಗೆ: ಹಿಡಿಯನ್ನು ಅಡ್ಡ ಹಿಡಿದಾಗ ಚಾನೆಲ್ ತನ್ನ ಭಾರಕ್ಕೇ ಇಳಿಬೀಳಬಾರದು, ಆದರೆ ಹೆಬ್ಬೆರಳಿನಿಂದ ನೂಕಿದರೆ ತಿರುಗಬೇಕು.

ಗ್ರಿಲ್ಲಿನ ಹಿಂದೆ

ಎರಡು ಹಳಿಯ ಸ್ಲೈಡಿಂಗ್ ಕಿಟಕಿಯ ಶಟರ್‌ಗಳನ್ನು ಮೇಲೆತ್ತಿ ಬಿಚ್ಚಬಹುದು ನಿಜ. 60 × 120 ಸೆಂ.ಮೀ. ಅಳತೆಯ 5 ಮಿ.ಮೀ. ಗಾಜೊಂದೇ 9 ಕೆ.ಜಿ., ಚೌಕಟ್ಟು ಬೇರೆ. ಇಬ್ಬರಿಲ್ಲದೆ ಕೈಹಾಕಬಾರದು, ಪ್ರತಿ ಸಲ ಬಿಚ್ಚಿದರೆ ಕೆಳಗಿನ ರೋಲರ್ ಹಾಳಾಗುತ್ತದೆ. ಆದ್ದರಿಂದ ಒಂದು ಶಟರ್ ಸರಿಸಿ, ತೆರೆದ ಅರ್ಧದಿಂದ ಕೈ ಹೊರಹಾಕಿ, ಬಾಗುವ ಹಿಡಿಯನ್ನು ಗಾಜಿಗೆ ಸಮಾನಾಂತರ ಮಾಡಿಕೊಂಡು ಅಡ್ಡ ಎಳೆತ ಎಳೆಯುವುದೇ ದಾರಿ. 25ರ ಚಾನೆಲ್ ನೆಟ್ಟಗೆ, ದೂರದ ಅಂಚಿನಿಂದ ತನ್ನತ್ತ, ಮೇಲಿನಿಂದ ಕೆಳಗೆ ಒಂದಾದ ಮೇಲೊಂದು. 120 ಸೆಂ.ಮೀ. ಎತ್ತರಕ್ಕೆ ಆರು ಎಳೆತ. 150ರಲ್ಲಿ ಹೆಚ್ಚುವರಿ 30 ಐದು ಕಡೆ ಹಂಚಿ 6 ಸೆಂ.ಮೀ. ಹಾಯುತ್ತದೆ. ಸ್ಕ್ವೀಜಿಗೆ ಮಣಿಕಟ್ಟಿನ ದಾರ ಕಡ್ಡಾಯ, ಗ್ರಿಲ್ಲಿನ ಸಂದಿಯಿಂದ ಜಾರಿದ್ದು ಫುಟ್‌ಪಾತಿನ ಮೇಲೆ ಬೀಳುತ್ತದೆ. ಗ್ರಿಲ್ಲನ್ನು ಗಾಜಿಗಿಂತ ಮೊದಲು ಒರೆಸಿ. ಇಲ್ಲದಿದ್ದರೆ ತೋಳು ಉಜ್ಜಿ ಉದುರಿದ ತುಕ್ಕಿನ ಪುಡಿ ಒದ್ದೆ ಗಾಜಿಗೆ ಹತ್ತಿ, ರಬ್ಬರಿನಡಿ ಸಿಕ್ಕಿ ಗೀಚುತ್ತದೆ.

ಹಿಡಿ ಬದಲಿಸಿದ ಮೇಲೆ ಬರುವ ತೊಂದರೆಗಳು

ಬಾಗುವ ಹಿಡಿಯಲ್ಲಿ ಮೊದಲು ಕೆಡುವುದು ಹಲ್ಲುಬಿಗಿ. ಕಟ್ಟಡ ಕಾಮಗಾರಿಯ ಧೂಳು ಹಲ್ಲಿನ ನಡುವೆ ಕೂತು ಎರಡೂ ಭಾಗ ಪೂರ್ತಿ ಕಚ್ಚುವುದಿಲ್ಲ, ಎಳೆಯುವಾಗ ಒಂದು ಹಲ್ಲು ಜಾರಿ ಗಾಜಿನ ಮೇಲೆ ಅಡ್ಡ ಗೆರೆ ಬೀಳುತ್ತದೆ. ದಿನದ ಕೊನೆಗೆ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಶುದ್ಧ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಕೀಲು ಬಿಗಿಯಾಯಿತೆಂದು ಎಣ್ಣೆ, ಗ್ರೀಸು, ಸಿಲಿಕೋನ್ ಸ್ಪ್ರೇ ಏನನ್ನೂ ಹಾಕಬಾರದು. ಅದು ನೀರಿನ ಜೊತೆ ರಬ್ಬರಿಗೆ ಇಳಿದು, ಅಲ್ಲಿಂದ ಗಾಜಿಗೆ ಹರಡುತ್ತದೆ. ಆಮೇಲೆ ಎಷ್ಟು ಎಳೆದರೂ ಮಬ್ಬು ಬಿಡುವುದಿಲ್ಲ, ರಬ್ಬರನ್ನೇ ಎಸೆಯಬೇಕಾಗುತ್ತದೆ.

ಎರಡನೆಯದು ಕ್ಲಿಪ್ ಕಳೆದುಹೋಗುವುದು. ಕ್ಲಿಪ್ಪಿಲ್ಲದ ರಬ್ಬರ್ ಪಕ್ಕಕ್ಕೆ ಸರಿದು ಒಂದು ತುದಿಯಲ್ಲಿ ಲೋಹ ಬಯಲಾಗುತ್ತದೆ. ಪೋಲಿನ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ, ಗೀರು ಬಿದ್ದ ಮೇಲೆಯೇ ಗೊತ್ತಾಗುವುದು. ಬಕೆಟ್ಟಿನ ಹಿಡಿಗೆ ಸಣ್ಣ ಡಬ್ಬಿ ಕಟ್ಟಿ ನಾಲ್ಕು ಕ್ಲಿಪ್, ಎರಡು ರಬ್ಬರ್ ಸದಾ ಇಟ್ಟಿರಬೇಕು. ಕೆಲಸ ಮುಗಿದಾಗ ಸ್ಕ್ವೀಜಿಯನ್ನು ಬಕೆಟ್ಟಿನಲ್ಲಿ ರಬ್ಬರ್ ಒತ್ತುವಂತೆ ಬಿಡದೆ ನೇತುಹಾಕಬೇಕು.

ಟಫನ್ಡ್ ಗಾಜಿನ ಮೇಲೆ ಅಂಟಿದ್ದನ್ನು ತೆಗೆಯಲು ಸ್ಕ್ರೇಪರ್ ಹಿಡಿಯುವ ಮುನ್ನ ಒಂದು ಎಚ್ಚರ. ಕುಲುಮೆಯಲ್ಲಿ ಹದಗೊಳಿಸುವಾಗ ಗಾಜಿನ ಪುಡಿ ಮೇಲ್ಮೈಗೆ ಕರಗಿ ಅಂಟಿದ ಹಲಗೆಗಳಿರುತ್ತವೆ. ಒಣ ಬೆರಳಿನಿಂದ ಸವರಿದರೆ ಮರಳುಕಾಗದದ ತರಿ ತಿಳಿಯುತ್ತದೆ. ಅಂಥ ಗಾಜಿಗೆ ಬ್ಲೇಡ್ ಹಾಕಿದರೆ ಕಿತ್ತ ತರಿ ಬ್ಲೇಡಿನಡಿ ಉರುಳಿ ಉದ್ದಕ್ಕೂ ಗೀರುತ್ತದೆ. ತರಿ ಸಿಕ್ಕರೆ ಕಟ್ಟಡದವರಿಗೆ ಬರೆದು ತಿಳಿಸಿ, ಅವರ ಒಪ್ಪಿಗೆ ಬಂದ ಮೇಲೆಯೇ ಮುಂದುವರಿಯಬೇಕು. ಕನ್ನಡಿಯಂತೆ ಹೊಳೆಯುವ ಲೇಪನ ಹೊರಮೈಗೇ ಇರುವ ಗಾಜಿಗಂತೂ ಬ್ಲೇಡ್ ಬೇಡವೇ ಬೇಡ.

ಮೊದಲ ಮಹಡಿಯ ಹೊರಮೈ ಈ ಸ್ಕ್ವೀಜಿಗಳ ವ್ಯಾಪ್ತಿಗೆ ಬರುವುದಿಲ್ಲ. ನೆಲದಿಂದ ನಿಂತು ಅಷ್ಟೆತ್ತರಕ್ಕೆ ಚಾಚಿದ ಪೋಲ್ ಬಾಗುತ್ತದೆ, ಹಿಡಿಯಲ್ಲಿ ಹೊಂದಿಸಿದ ಕೋನಕ್ಕೆ ಅರ್ಥವೇ ಉಳಿಯುವುದಿಲ್ಲ. ಅಲ್ಲಿಗೆ ಲವಣ ತೆಗೆದ, ಟಿ.ಡಿ.ಎಸ್. (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ) 10 ಪಿ.ಪಿ.ಎಂ. ಒಳಗಿರುವ ನೀರು ಹಾಯಿಸುವ ಬ್ರಷ್ ಪೋಲ್ ಬಳಸಿ, ಎಳೆಯದೆ ಹಾಗೇ ಒಣಗಲು ಬಿಡಬೇಕು. ಕಟ್ಟಡದ ಮುಂದೆ ವಿದ್ಯುತ್ ತಂತಿ ಹಾದುಹೋಗಿದ್ದರೆ, ಪೂರ್ತಿ ಚಾಚಿದ ಪೋಲ್ ಬಿದ್ದರೂ ತಂತಿ ಮುಟ್ಟದಷ್ಟು ದೂರ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ಬದಿಯಲ್ಲಿ ಯಾವ ಪೋಲನ್ನೂ ಎತ್ತಬಾರದು. ಅಲ್ಯುಮಿನಿಯಂ ಪೋಲಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ಒಳಗೆ ನೀರು ತುಂಬಿದ ಫೈಬರ್ ಪೋಲನ್ನೂ ನೆಚ್ಚುವಂತಿಲ್ಲ. ಆ ಗಾಜುಗಳನ್ನು ದರಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ, ತಂತಿಗೆ ವಿದ್ಯುತ್ ನಿಲ್ಲಿಸುವ ದಿನವನ್ನು ಕಟ್ಟಡದವರೇ ಗೊತ್ತು ಮಾಡಿಕೊಡುವಂತೆ ಕರಾರಿನಲ್ಲಿ ಬರೆಸಿಕೊಳ್ಳಬೇಕು.